ಎಡಗೈ ನೆರಿಗೆ

ಲವಂಗ್ ಎಡಚ. ಕಂದಹಾರದಲ್ಲಿ ಎಡಗೈಯಲ್ಲಿ ರೊಟ್ಟಿ ಮುರಿದರೆ ಬೈಗುಳ, ಎಡಗೈ ಚಾಚಿ ಸಲಾಮು ಹೇಳಿದರೆ ಎದುರಿನವನು ಮುಖ ಸಿಂಡರಿಸುತ್ತಾನೆ. ಚಿಕ್ಕಂದಿನಲ್ಲಿ ಅವನಪ್ಪ ಆ ಕೈಯನ್ನು ಪೇಟದ ಬಟ್ಟೆಯಲ್ಲಿ ಸೊಂಟಕ್ಕೆ ಬಿಗಿದು ಬಲಗೈಯನ್ನು ಪಳಗಿಸಿದ. ಊಟಕ್ಕೆ, ಸಲಾಮಿಗೆ, ಜಪಮಣಿಗೆ ಬಲಗೈ ಒಪ್ಪಿತು. ಕೆಲಸಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ. ಅವನ ಕೆಲಸ ಬುರ್ಖಾಗಳಿಗೆ ನೆರಿಗೆ ಹಿಡಿಯುವುದು.

ಒಮ್ಮೆ ಒಗೆದರೆ ಬುರ್ಖಾದ ನೆರಿಗೆಯೆಲ್ಲ ಬಿಟ್ಟುಹೋಗಿ ಅದು ಹಾಸಿಗೆಯ ಮೇಲ್ಹೊದಿಕೆಯಷ್ಟು ಅಗಲವಾಗಿ ಕೂರುತ್ತದೆ. ಅದನ್ನು ಅಕ್ಕಿಗಂಜಿಯಲ್ಲಿ ಅದ್ದಿ, ಹಿಂಡಿ, ಹಸಿಯಿರುವಾಗಲೇ ಹೆಬ್ಬೆರಳ ಉಗುರಿನಿಂದ ಒಂದೊಂದಾಗಿ ಚಿವುಟುತ್ತ ಬರಬೇಕು. ಆಮೇಲೆ ದಾರದಲ್ಲಿ ಬಿಗಿದು, ತಾಮ್ರದ ಹಂಡೆಯ ಹಬೆಗೆ ಹಿಡಿದು, ಬಿಸಿಲಿಗಿಡಬೇಕು. ಒಂದರಲ್ಲಿ ಮುನ್ನೂರಕ್ಕೂ ಹೆಚ್ಚು ನೆರಿಗೆ. ಊರಿನ ಉಳಿದ ಅಂಗಡಿಗಳ ನೆರಿಗೆ ಬಲಕ್ಕೆ ವಾಲುತ್ತದೆ, ಲವಂಗ್‌ನದು ಎಡಕ್ಕೆ. ಶಿಕಾರಪುರಿ ಬಜಾರಿನಲ್ಲಿ ದೂರದಿಂದ ಬರುವ ಬುರ್ಖಾ ನೋಡಿಯೇ ಅವನು, ಇದು ನನ್ನದು, ಇದು ಆ ಮುದುಕ ಕರೀಮನ ಅಂಗಡಿಯದು ಎನ್ನುತ್ತಿದ್ದ. ಒಳಗಿದ್ದವಳು ಯಾರೆಂದು ಅವನಿಗೆ ಬೇಕಿರಲಿಲ್ಲ.

ಹೆಸರಿಗೆ ತಕ್ಕ ಆಳು. ಒಣಗಿ ಕಪ್ಪಗಿದ್ದ, ಕಡ್ಡಿಯಂಥ ಮೈಯ ಮೇಲೆ ಪೇಟ ಸುತ್ತಿದ ದಪ್ಪ ತಲೆ. ಅವನ ಹೆಂಡತಿಯನ್ನು ಅತಲ್‌ನ ತಾಯಿ ಎನ್ನುತ್ತಾರೆ. ಅತಲ್ ಮೂರು ವರ್ಷದವನಿದ್ದಾಗಲೇ ದಡಾರ ಬಂದು ತೀರಿಹೋದ, ಆದರೂ ಅವಳು ಅತಲ್‌ನ ತಾಯಿಯೇ. ಅವಳ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ನಮ್ಮಲ್ಲಿ ಇನ್ನೊಬ್ಬನ ಮನೆಯ ಹೆಣ್ಣಿನ ಹೆಸರೆತ್ತುವುದೂ ಒಂದೇ, ಅವನ ಗಡ್ಡಕ್ಕೆ ಕೈ ಹಾಕುವುದೂ ಒಂದೇ. ಒಬ್ಬ ಮಗಳಿದ್ದಳು. ಅವಳನ್ನೂ ಮಗಳು ಎಂದೇ ಕರೆಯುತ್ತೇನೆ.

ಆ ಮಗಳಿಗೆ ಹದಿನಾರಾದಾಗ ಊರು ಕಮಾಂಡರ್‌ಗಳ ಕೈಯಲ್ಲಿತ್ತು. ರಷ್ಯದವರನ್ನು ಓಡಿಸಿದವರೇ ಇವರು, ಆದ್ದರಿಂದ ಊರನ್ನು ಹರಿದು ತಿನ್ನುವ ಹಕ್ಕು ತಮಗಿದೆ ಎಂದುಕೊಂಡಿದ್ದರು. ಅರ್ಗಂದಾಬ್ ಸೇತುವೆಯಿಂದ ಬಜಾರಿಗೆ ಬರುವಷ್ಟರಲ್ಲಿ ಐದು ಕಡೆ ರಸ್ತೆಗೆ ಸರಪಳಿ. ಒಂದು ಬೆಳಿಗ್ಗೆ ಸರ್ಕೈ ಎಂಬ ಕಮಾಂಡರ್‌ನ ಬಂಟನೊಬ್ಬ ಲವಂಗ್‌ನ ಬಾಗಿಲ ಮುಂದೆ ನಿಂತು ಆಕಾಶಕ್ಕೆ ಮೂರು ಗುಂಡು ಹಾರಿಸಿ ಕೂಗಿದ: "ಕೇಳ್ರಪ್ಪೋ! ಈ ಮನೆ ಹುಡುಗಿ ನನ್ನೋಳು!"

ಅಷ್ಟೇ. ಅದಕ್ಕೆ ಘಗ್ ಎನ್ನುತ್ತಾರೆ. ಹಾಗೆ ಕೂಗಿಸಿಕೊಂಡ ಹುಡುಗಿಯನ್ನು ಕೇಳಲು ಬೇರೆ ಯಾವ ಗಂಡೂ ಆ ಮೆಟ್ಟಿಲು ಹತ್ತುವುದಿಲ್ಲ. ಕೂಗಿದವನಿಗೆ ಕೊಡಬೇಕು, ಇಲ್ಲವೇ ಹುಡುಗಿ ಮನೆಯಲ್ಲೇ ಮುದುಕಿಯಾಗಬೇಕು. ಲವಂಗ್ ಊರ ಹಿರಿಯರ ಮನೆ ಮನೆ ಅಲೆದ. ಎಲ್ಲರೂ ಹಸಿರು ಚಹಾ ಕೊಟ್ಟರು, ತಮ್ಮ ಗಡ್ಡ ನೀವಿಕೊಂಡರು, ಅಲ್ಲಾಹನ ಇಚ್ಛೆ ಎಂದರು. ಮಾನಗೆಟ್ಟವರು.

ಹದಿನೇಳನೆಯ ದಿನ ತಾಲಿಬರು ಬಂದರು. ಬಿಳಿ ಬಾವುಟ, ಕಣ್ಣಿಗೆ ಕಾಡಿಗೆ, ಕಾಲಿಗೆ ಹರಕು ಚಪ್ಪಲಿ. ಎರಡೇ ದಿನದಲ್ಲಿ ಐದೂ ಸರಪಳಿ ಬಿದ್ದವು. ಸರ್ಕೈ ಗಡಿ ದಾಟಿ ಓಡಿದ. ಬರ್ಯಾಲೈ ಎಂಬ ಮುಲ್ಲಾ, ಇನ್ನೂ ಗಡ್ಡ ಸರಿಯಾಗಿ ಮೂಡದ ಇಪ್ಪತ್ತೆರಡರ ತರುಣ, ಧ್ವನಿವರ್ಧಕ ಹಿಡಿದು ಓಣಿಗೆ ಬಂದು ಘಗ್ ಇನ್ನು ಹರಾಮು ಎಂದು ಸಾರಿದ. ಆಮೇಲೆ ನೆಟ್ಟಗೆ ಅಂಗಡಿಗೆ ಬಂದ.

"ಲವಂಗ್ ಕಾಕಾ ನೀನೇನಾ? ನಿನ್ ಮಗಳ ಮೇಲೆ ಯಾರ ಹಕ್ಕೂ ಇಲ್ಲ. ನಿನಗೆ ಇಷ್ಟ ಬಂದ ಕಡೆ, ಅವಳು ಒಪ್ಪಿದ ಕಡೆ ಕೊಡು. ಯಾವನಾದ್ರೂ ಬಾಯಿ ತೆಗೆದ್ರೆ ನನ್ ಹತ್ರ ಬಾ."

ಲವಂಗ್ ಅವನ ಕೈ ಹಿಡಿದು ಗಳಗಳ ಅತ್ತ. ಬರ್ಯಾಲೈಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ, ಕ್ವೆಟ್ಟಾದ ಮದರಸಾದಲ್ಲಿ ಬೆಳೆದವನು. ಅಳುವ ಮುದುಕನನ್ನು ಏನು ಮಾಡಬೇಕೆಂದು ತಿಳಿಯದೆ ತನ್ನ ಶಾಲಿನಲ್ಲಿ ಅವನ ಮೂಗು ಒರೆಸಿದ. ಅಂದಿನಿಂದ ಲವಂಗ್ ಐದು ಹೊತ್ತೂ ಆ ಹುಡುಗನಿಗಾಗಿ ಬೇಡಿಕೊಳ್ಳುತ್ತಿದ್ದ.

ಆಮೇಲೆ ಅಪ್ಪಣೆಗಳು ಶುರುವಾದವು. ಗಾಳಿಪಟ ಬೇಡ. ಸರಿ, ಲವಂಗ್‌ಗೆ ಗಾಳಿಪಟದ ವಯಸ್ಸು ದಾಟಿತ್ತು. ಹಾಡು ಬೇಡ. ಇರಲಿ, ಹಾಡಿಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಲಾವಕ್ಕಿ ಸಾಕುವಂತಿಲ್ಲ ಎಂದಾಗ ಮಾತ್ರ ಅವನಿಗೆ ಕಸಿವಿಸಿಯಾಯಿತು. ಎದುರಿನ ಚಹಾದಂಗಡಿಯ ಷಾಪಸಂದ್, ಗುಂಡಿಗೆ ಒಂದು ಕಾಲು ಕಳೆದುಕೊಂಡವನು, ತನ್ನ ಲಾವಕ್ಕಿಯನ್ನು ಹೆಂಡತಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದ. ಅದನ್ನು ಹಾರಿಬಿಟ್ಟು ಬಂದು ಲವಂಗ್‌ನ ಮುಂದೆ ಕೂತ.

"ನಿಂದೇ ಬಿಡಪ್ಪಾ ಕಾಲ. ಊರಿನ ಹೆಂಗಸ್ರೆಲ್ಲ ಮೂಟೆ ಆಗ್ಬೇಕು ಅಂತ ಹುಕುಂ. ಮೂಟೆ ಕಟ್ಟೋನು ನೀನು. ಆ ಹುಡುಗನಿಗೆ ಏನು ಮದ್ದು ಹಾಕ್ದೆ?"

"ಸುಮ್ನಿರೋ ಕುಂಟ. ಈಗ ರಸ್ತೇಲಿ ಹೆದರಿಕೆ ಇಲ್ದೆ ಓಡಾಡ್ತೀಯೋ ಇಲ್ವೋ?"

"ಓಡಾಡ್ತೀನಿ. ಆದ್ರೆ ಓಡಾಡಿ ಹೋಗೋಕೆ ಒಂದು ಜಾಗ ಬಿಟ್ಟಿಲ್ವಲ್ಲ ಇವ್ರು."

ಲವಂಗ್‌ಗೆ ಕುಂಟನ ಮಾತೂ ಬರ್ಯಾಲೈ ಮಾತೂ ಸರಿಯೆನಿಸುತ್ತಿತ್ತು. ಕೆಲಸ ಹಿಂದೆಂದೂ ಇಲ್ಲದಷ್ಟು ಬರುತ್ತಿತ್ತು, ಉಗುರು ಸವೆದು ರಕ್ತ ಜಿನುಗುತ್ತಿತ್ತು. ಆದರೆ ಅಂಗಡಿಯ ಹಿಂದಿನ ಪರದೆ ತೆಗೆಯಬೇಕೆಂದು ಅಪ್ಪಣೆಯಾಯಿತು. ಒಂದೇ ಬುರ್ಖಾ ಇರುವ ಬಡ ಹೆಂಗಸರು ನೆರಿಗೆ ಮುಗಿಯುವವರೆಗೆ ಆ ಪರದೆಯ ಹಿಂದೆ ಕಾಯುತ್ತಿದ್ದರು. ಈಗ ಬುರ್ಖಾವನ್ನು ಗಂಡಸರೇ ತರಬೇಕು. ಮನೆಯಲ್ಲಿ ಗಂಡಸಿಲ್ಲದವರು? ಹಾಗೆಂದು ಕೇಳಿದ್ದಕ್ಕೆ ಬರ್ಯಾಲೈ, "ಅದು ನನಗೂ ಗೊತ್ತಿಲ್ಲ ಕಾಕಾ. ದೊಡ್ಡೋರನ್ನ ಕೇಳ್ತೀನಿ," ಎಂದ. ಕೇಳಿದನೋ ಇಲ್ಲವೋ, ಉತ್ತರವಂತೂ ಬರಲಿಲ್ಲ.

ಗಂಡಸಿಲ್ಲದವಳು ಲವಂಗ್‌ನ ಪಕ್ಕದ ಮನೆಯಲ್ಲೇ ಇದ್ದಳು. ಕಾಬೂಲಿನಲ್ಲಿ ರಾಕೆಟ್ ಬಿದ್ದು ಗಂಡನನ್ನು ಕಳೆದುಕೊಂಡು, ಮೈಮೇಲಿನ ಬಟ್ಟೆಯಲ್ಲಿ ಬಂದವಳು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳಾದ್ದರಿಂದ ಎಲ್ಲರೂ ಮಾಲಿಮಾ ಎನ್ನುತ್ತಿದ್ದರು, ಟೀಚರಮ್ಮ ಅಂದ ಹಾಗೆ. ಅವಳಲ್ಲಿ ಬುರ್ಖಾ ಇರಲಿಲ್ಲ. ಅತಲ್‌ನ ತಾಯಿ ತನ್ನದನ್ನೇ ಕೊಟ್ಟಳು. ಊರಿಗೆಲ್ಲ ನೆರಿಗೆ ಹಿಡಿಯುವವನ ಮನೆಯಲ್ಲಿ ಇದ್ದದ್ದು ಒಂದೇ ಬುರ್ಖಾ, ಹೀಗೆ ಅದು ಮೂವರದಾಯಿತು. ಒಬ್ಬಳು ಹೊರಟರೆ ಇಬ್ಬರು ಮನೆಯಲ್ಲಿ. ಮಾಲಿಮಾಳ ತಲೆ ದಪ್ಪ, ಆದ್ದರಿಂದ ಲವಂಗ್ ಅದರ ನೆತ್ತಿಗೆ ಕೂರುವ ಟೋಪಿಯನ್ನು ಬಿಚ್ಚಿ ಮಗಳ ಹಳೆಯ ಕೆಂಪು ಅಂಗಿಯ ಪಟ್ಟಿಯೊಂದನ್ನು ಒಳಗೆ ಸೇರಿಸಿ ಹೊಲಿದಿದ್ದ.

ವಾರದಲ್ಲಿ ಮೂರು ದಿನ ಮಾಲಿಮಾ ಅದನ್ನು ಹೊದ್ದು ದಿನಸಿ ಓಣಿಯಲ್ಲಿ ಒಂದು ಉಗ್ರಾಣದ ಮಾಳಿಗೆಗೆ ಹೋಗುತ್ತಿದ್ದಳು. ಅಲ್ಲಿ ಹದಿನಾಲ್ಕು ಹುಡುಗಿಯರು ಅಕ್ಷರ ಕಲಿಯುತ್ತಿದ್ದರು. ತಾಲಿಬರು ಹುಡುಗಿಯರ ಶಾಲೆ ಮುಚ್ಚಿಸಿ ಆಗಲೇ ಎರಡು ವರ್ಷವಾಗಿತ್ತು. ಲವಂಗ್‌ಗೆ ಇದೆಲ್ಲ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ. ಹೆಣ್ಣುಮಕ್ಕಳು ಓದುವುದು ತಪ್ಪೆಂದು ಅವನಿಗೆ ಅನಿಸಿರಲಿಲ್ಲ. ಬರ್ಯಾಲೈ ತಪ್ಪು ಮಾಡುತ್ತಾನೆಂದೂ ಅನಿಸಿರಲಿಲ್ಲ. ಎರಡೂ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತವೆಂದು ಯೋಚಿಸಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು, ಅದಕ್ಕೇ ಯೋಚಿಸುತ್ತಿರಲಿಲ್ಲ.

ತಾಲಿಬರು ಬಂದ ಮೂರನೆಯ ವರ್ಷ. ಮಗಳಿಗೆ ಹತ್ತೊಂಬತ್ತು. ಗಿರಿಷ್ಕ್ ಊರಿನ ಸೋದರಸಂಬಂಧಿಯೊಬ್ಬನಿಗೆ ಕೊಡುವುದೆಂದು ಮಾತಾಗಿ, ಈದ್ ಕಳೆದ ಮೇಲೆ ಮದುವೆ ಎಂದು ಸಕ್ಕರೆಯನ್ನೂ ಹಂಚಿಯಾಗಿತ್ತು. ಒಂದು ಬುಧವಾರ ಮಧ್ಯಾಹ್ನ ಲವಂಗ್ ಅಂಗಡಿಯ ಹೊರಗೆ ನೆರಿಗೆಯ ಕಟ್ಟುಗಳನ್ನು ಬಿಸಿಲಿಗೆ ಜೋಡಿಸುತ್ತಿದ್ದ. ದಿನಸಿ ಓಣಿಯ ಕಡೆಯಿಂದ ಕೂಗಾಟ ಕೇಳಿಸಿತು. ಆಮೇಲೆ ಯಾರೋ ಅರಚಿದರು: "ಹೆಂಗಸು! ಮುಖ ಬಿಟ್ಕೊಂಡು ಬರ್ತಿದಾಳೆ!"

ಮುಸುಕಿಲ್ಲದ ಪರಹೆಣ್ಣು ಎದುರಾದರೆ ನಮ್ಮಲ್ಲಿ ಗಂಡಸಾದವನು ಮಾಡುವುದು ಒಂದೇ, ಗೋಡೆಗೆ ತಿರುಗಿ ನಿಲ್ಲುತ್ತಾನೆ. ಅದನ್ನು ತಾಲಿಬರು ಕಲಿಸಬೇಕಿರಲಿಲ್ಲ, ಅಜ್ಜಂದಿರ ಕಾಲದ ನಡತೆ. ಇಡೀ ಬಜಾರು ತಿರುಗಿತು. ಕಟುಕ ತನ್ನ ಕುರಿಯ ತೊಡೆಗೆ ಮುಖ ಕೊಟ್ಟ. ಷಾಪಸಂದ್ ತಿರುಗಲು ಊರುಗೋಲು ಸಿಗದೆ ಚಹಾದ ತಟ್ಟೆಯನ್ನೇ ಮುಖಕ್ಕೆ ಹಿಡಿದ. ಲವಂಗ್ ಮಣ್ಣಿನ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಣ್ಣು ಮುಚ್ಚಿಕೊಂಡ. ಬರಿಗಾಲಿನ ಹೆಜ್ಜೆಗಳು ದಡದಡ ಬಂದವು. ಅವನ ಬೆನ್ನ ಹಿಂದೆ ಒಂದು ಕ್ಷಣ ನಿಂತವು, ಏದುಸಿರು ಕೇಳಿಸಿತು. ಪಾಪ, ದಾರಿ ತಪ್ಪಿರಬೇಕು ಎಂದುಕೊಂಡ. ಹೆಜ್ಜೆಗಳು ಬಣ್ಣಗಾರರ ಸಂದಿಯ ಕಡೆ ಓಡಿಹೋದವು.

ಒಂದು ತಾಸಿನ ಮೇಲೆ ಬರ್ಯಾಲೈ ಬಂದ. ಈಗ ಅವನು ಸನ್ನಡತೆಯ ಪಡೆಯ ಮುಖ್ಯಸ್ಥ. ಹಿಂದೆ ಇಬ್ಬರು ಬಂದೂಕಿನವರು, ಒಬ್ಬ ಗುಮಾಸ್ತ. ಎರಡು ಬೆರಳ ತುದಿಯಲ್ಲಿ, ಮೈಗೆ ತಾಗದಂತೆ, ಒಂದು ನೀಲಿ ಬುರ್ಖಾ ಹಿಡಿದಿದ್ದ. ಹೆಂಗಸಿನ ಬಟ್ಟೆ ಹಿಡಿಯಬೇಕಾಗಿ ಬಂದದ್ದಕ್ಕೆ ಕಿವಿಯವರೆಗೆ ಕೆಂಪಾಗಿದ್ದ.

"ಕಾಕಾ, ಇದು ನಿನ್ ಕೈ ಕೆಲಸ ಅಲ್ವಾ? ನೆರಿಗೆ ಎಡಕ್ಕಿದೆ."

"ಕೂತ್ಕೊ ಮಗಾ, ಚಹಾ ತರಿಸ್ತೀನಿ."

"ಚಹಾ ಬೇಡ. ಉಗ್ರಾಣದ ಮಾಳಿಗೇಲಿ ಕಳ್ಳ ಶಾಲೆ ನಡೀತಿತ್ತು. ಮಕ್ಕಳು ಹಿಂದಿನ ಕಿಟಕೀಲಿ ಹಾರ್ಕೊಂಡ್ರು. ಕಲಿಸೋಳು ಮೆಟ್ಟಿಲಲ್ಲಿ ಸಿಕ್ಲು, ನಾನು ಹಿಡ್ಕೊಂಡೆ, ಇದನ್ನ ನನ್ ಕೈಲಿ ಬಿಟ್ಟು ಓಡಿದ್ಲು."

"ಮುಖ ನೋಡ್ಲಿಲ್ವಾ ಹಾಗಾದ್ರೆ?"

"ತೌಬಾ! ನಾನ್ಯಾಕೆ ನೋಡ್ಲಿ? ಮುಸುಕು ಕೈಗೇ ಬಂತು, ಕಣ್ ಮುಚ್ಕೊಂಡೆ. ನನ್ ಕಡೆಯೋರೂ ಮುಚ್ಕೊಂಡ್ರು. ಬಿಡೋ ಹೊತ್ಗೆ ಅವಳಿಲ್ಲ."

ಎದುರಿನಿಂದ ಷಾಪಸಂದ್ ಕೆಮ್ಮಿದ. ಅದು ನಗುವೇ, ಆದರೆ ಕೆಮ್ಮಿನಂತೆ ಬಂತು.

"ಬಜಾರಿನೋರನ್ನ ಕೇಳಿದ್ರೆ ಎಲ್ರೂ ಗೋಡೆ ನೋಡ್ತಿದ್ವಿ ಅಂತಾರೆ. ತಪ್ಪು ಅನ್ನೋ ಹಾಗೂ ಇಲ್ಲ, ಸರಿಯಾಗೇ ಮಾಡಿದಾರೆ. ಇನ್ನು ನೀನೇ ಹೇಳ್ಬೇಕು. ಯಾರ ಮನೇದಿದು?"

ಲವಂಗ್ ಬುರ್ಖಾವನ್ನು ಕೈಗೆ ತೆಗೆದುಕೊಂಡ. ಟೋಪಿಯ ಒಳಗೆ ಬೆರಳು ಹಾಕಿ ನೋಡುವ ಅಗತ್ಯವಿರಲಿಲ್ಲ, ಆದರೂ ಹಾಕಿದ. ಕೆಂಪು ಪಟ್ಟಿ ಇತ್ತು. ಇಂದು ಬುಧವಾರ, ಮಾಲಿಮಾಳ ದಿನ. ಮಾಲಿಮಾ ಎಂದರೆ ಮುಗಿಯಿತು, ಅದು ಸುಳ್ಳೂ ಅಲ್ಲ. ನಂಟಲ್ಲ, ಬಂಧುವಲ್ಲ, ಕಾಬೂಲಿನವಳು. ಎದುರು ನಿಂತಿರುವವನಾದರೋ ಮಗಳ ಮಾನ ಉಳಿಸಿಕೊಟ್ಟವನು. ಅವನಿಗೆ ಸುಳ್ಳು ಹೇಳುವುದು ಹೇಗೆ? ಹಾಗೆಂದು, ಹೊದೆಯಲು ಬಟ್ಟೆ ಕೊಟ್ಟ ಮನೆಯೇ ಒಬ್ಬ ವಿಧವೆಯನ್ನು ಚಾಟಿಗೆ ಒಪ್ಪಿಸುವುದು ಹೇಗೆ? ಗೊತ್ತಿಲ್ಲವೆಂದರೆ ಕರೀಮನ ಅಂಗಡಿಗೆ ಹೋಗುತ್ತಾರೆ, ಎಡಚನಿಗೆ ತನ್ನ ಬಟ್ಟೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವನು ನಗುತ್ತಾನೆ. ಆಮೇಲೆ ಓಣಿಯ ಮನೆ ಮನೆ ಜಾಲಾಡುತ್ತಾರೆ. ಅಲ್ಲಾಹನೇ, ಯಾವ ಕಡೆ ನಿಲ್ಲಲಿ ಎಂದು ಮನಸ್ಸಿನಲ್ಲೇ ಕೇಳಿದ. ಉತ್ತರ ಬರುವ ಮೊದಲೇ ಬಾಯಿ ಆಡಿಬಿಟ್ಟಿತು.

"ನಮ್ಮನೇದೇ."

ಬರ್ಯಾಲೈ ಬಂದೂಕಿನವರನ್ನು ಹೊರಗೆ ಕಳಿಸಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಗುಮಾಸ್ತನಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಮಾತಾಡಿದ. "ಕಾಕಾ, ತಮಾಷೆ ಮಾಡ್ಬೇಡ. ನಿನ್ ಪಕ್ಕದ ಮನೇಲಿ ಕಾಬೂಲಿನ ವಿಧವೆ ಒಬ್ಳಿದಾಳಂತೆ. ಅವಳು ಓದಿದೋಳಂತೆ. ನೀನು ಹೆಸರು ಹೇಳ್ಬೇಡ, ತಲೆ ಆಡಿಸು ಸಾಕು. ನಾನು ನಿನ್ ಮನೆ ಹೆಸರು ಎಲ್ಲೂ ಬರದೆ ಇರೋ ಹಾಗೆ ನೋಡ್ಕೋತೀನಿ."

"ನಮ್ಮನೇದು ಅಂದ್ನಲ್ಲ ಮಗಾ."

"ಯಾಕೆ ಹೀಗ್ ಮಾಡ್ತೀಯಾ ಕಾಕಾ? ನನ್ ಕೈಯಲ್ಲೇ ಯಾಕೆ ಮಾಡಿಸ್ತೀಯಾ?" ಅವನ ಕಣ್ಣಲ್ಲಿ ನೀರಾಡಿತು. ಆಮೇಲೆ ಎದ್ದು ನಿಂತ, ಮುಖ ಗಟ್ಟಿಯಾಯಿತು. "ನಿಮ್ಮನೇಲಿ ಇಬ್ರು ಹೆಂಗಸ್ರು. ಯಾವಳು? ಹೆಸರು ಹೇಳು, ಬರ್ಕೋಬೇಕು."

ಇದನ್ನು ಲವಂಗ್ ಎಣಿಸಿರಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿಯ ಹೆಸರನ್ನು ಮನೆಯೊಳಗೂ ಅವನು ಕೂಗಿದವನಲ್ಲ, "ಕೇಳ್ತಾ?" ಎನ್ನುತ್ತಿದ್ದ. ಮಗಳ ಹೆಸರು ಆ ಪುಸ್ತಕಕ್ಕೆ ಹೋದರೆ ಗಿರಿಷ್ಕ್‌ನವರು ನಾಳೆಯೇ ಸಂಬಂಧ ಕಡಿದುಕೊಳ್ಳುತ್ತಾರೆ. ಎದುರಿಗೆ ಷಾಪಸಂದ್, ಕಟುಕ, ಬಜಾರಿನ ಅರ್ಧ ಜನ ಕಿವಿ ನೆಟ್ಟು ನಿಂತಿದ್ದರು. ಲವಂಗ್ ನೆಲ ನೋಡುತ್ತ ಅತಲ್‌ನ ತಾಯಿಯ ಹೆಸರು ಹೇಳಿದ. ಗುಮಾಸ್ತನಿಗೆ ಸರಿಯಾಗಿ ಕೇಳಲಿಲ್ಲವಂತೆ, ಇನ್ನೊಮ್ಮೆ ಹೇಳಿಸಿದ. ಷಾಪಸಂದ್ ಕಿವಿ ಮುಚ್ಚಿಕೊಂಡದ್ದನ್ನು ಆ ಜನರ ನಡುವೆ ನಿಂತಿದ್ದ ನಾನು ಕಂಡೆ. ಆ ಕುಂಟನ ಬಗ್ಗೆ ನನಗೆ ಗೌರವ ಮೂಡಿದ್ದು ಅಂದೇ.

ಮನೆಯ ಹೆಣ್ಣನ್ನು ಅಂಕೆಯಲ್ಲಿಡದ ಗಂಡಸಿಗೆ ಇಪ್ಪತ್ತು ಏಟು ಎಂದು ತೀರ್ಮಾನವಾಯಿತು. ಹೆಂಡತಿಯ ಪಾಲನ್ನೂ ತಾನೇ ತಿನ್ನುತ್ತೇನೆಂದು ಲವಂಗ್ ಬೇಡಿದ. ಒಪ್ಪಿದರು, ಮೂವತ್ತಾಯಿತು. ಅಂದು ಠಾಣೆಯಲ್ಲೇ ಕೂಡಿಹಾಕಿ, ಮಾರನೆಯ ಬೆಳಿಗ್ಗೆ ಚಾರ್ಸೂ ಚೌಕದಲ್ಲಿ ಬೋರಲು ಮಲಗಿಸಿದರು. ಬೇರೆ ಯಾರಾದರೂ ಹೊಡೆಯಬಹುದಿತ್ತು, ಆದರೆ ಬರ್ಯಾಲೈ ಚಾಟಿಯನ್ನು ತಾನೇ ತೆಗೆದುಕೊಂಡ. ಪರಿಚಯದವನೆಂದು ಕೈ ಹಗುರ ಮಾಡಿದ ಎನ್ನಬಾರದಲ್ಲ, ಒಂದೊಂದನ್ನೂ ಬಿಗಿಯಾಗಿಯೇ ಕೊಟ್ಟ. ಹದಿನೆಂಟರವರೆಗೆ ಲವಂಗ್‌ಗೆ ನೆನಪಿದೆ. ಮುಗಿದ ಮೇಲೆ ಅದೇ ಬರ್ಯಾಲೈ ಅವನನ್ನೆತ್ತಿ ಕೈಗಾಡಿಯಲ್ಲಿ ಮಲಗಿಸಿ, ಮೇಲೆ ತನ್ನ ಶಾಲು ಹೊದಿಸಿ, ಮನೆಯ ಬಾಗಿಲವರೆಗೂ ತಾನೇ ತಳ್ಳಿಕೊಂಡು ಬಂದ. "ಕ್ಷಮಿಸು ಕಾಕಾ," ಎಂದ. "ನನಗೂ ಕ್ಷಮೆ ಕೇಳ್ಕೊ," ಎಂದೂ ಹೇಳಿದ, ಆಕಾಶ ತೋರಿಸಿ. ಈ ಹುಡುಗನನ್ನು ಶಪಿಸಬೇಕೋ ಹರಸಬೇಕೋ ಲವಂಗ್‌ಗೆ ತಿಳಿಯಲಿಲ್ಲ, ನನಗೂ ಇವತ್ತಿನವರೆಗೆ ತಿಳಿದಿಲ್ಲ.

ಮನೆಯಲ್ಲಿ ಮೂವರೂ ಇದ್ದರು. ಹೊಟ್ಟೆಯ ಮೇಲೆ ಮಲಗಿದವನ ಮುಖದ ಹತ್ತಿರ ಮಾಲಿಮಾ ಕೂತು ಕಣ್ಣೊರೆಸಿಕೊಂಡಳು. ಋಣ ಒಪ್ಪಿಕೊಳ್ಳುತ್ತಾಳೆ ಎಂದು ಲವಂಗ್ ಸ್ವಲ್ಪ ನಾಚಿಕೊಂಡೇ ಕಾದ.

"ಬಿಡಮ್ಮಾ. ನೀನು ತಪ್ಪಿಸ್ಕೊಂಡ್ಯಲ್ಲ, ಅಷ್ಟು ಸಾಕು," ಎಂದ.

"ನಾನು ಹೋಗೇ ಇರ್ಲಿಲ್ಲ ಲಾಲಾ. ಮಂಗಳವಾರದಿಂದ ಜ್ವರ. ಎದ್ದೇ ಇಲ್ಲ."

ಲವಂಗ್ ಕತ್ತು ಹೊರಳಿಸಿ ಹೆಂಡತಿಯನ್ನು ನೋಡಿದ. ಅವಳು ಬಾಗಿಲ ಬಳಿ ಹಿಟ್ಟು ನಾದುತ್ತಿದ್ದಳು, ನಾದುವುದಕ್ಕಿಂತ ಗುದ್ದುತ್ತಿದ್ದಳು.

"ನನ್ನೇನ್ ನೋಡ್ತೀಯಾ? ಬಜಾರಿನ ನಾಯಿಗೂ ಈಗ ನನ್ ಹೆಸರು ಗೊತ್ತು. ಇಪ್ಪತ್ತೈದು ವರ್ಷ ಒಂದ್ಸಲ ಪ್ರೀತಿಯಿಂದ ಕರೀಲಿಲ್ಲ, ಪೊಲೀಸಿಗೆ ಮಾತ್ರ ಎರಡೆರಡು ಸಲ ಹೇಳಿದ್ಯಂತೆ. ನಾನು ನಿನ್ನೆ ಮನೇಲೇ ಇದ್ದೆ, ಇವಳಿಗೆ ಕಷಾಯ ಕಾಯಿಸ್ಕೊಂಡು."

ಮಗಳು ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಬೆರಳು ನಿಂತಿತು.

"ನಾನು ಬಾಬಾ," ಎಂದಳು. "ಮಾಲಿಮಾಗೆ ಹುಷಾರಿಲ್ದಾಗೆಲ್ಲ ನಾನೇ ಹೋಗ್ತಿದ್ದೆ. ಮಕ್ಕಳು ಕಾಯ್ತಿರ್ತಾರಲ್ಲ."

ಲವಂಗ್‌ಗೆ ಬೆನ್ನಿನ ಉರಿ ಒಂದು ಗಳಿಗೆ ಎಲ್ಲಿಗೆ ಹೋಯಿತೋ. ತಲೆಯಾಡಿಸಿದ್ದರೆ, ಒಂದೇ ಒಂದು ಸಲ ಆಡಿಸಿದ್ದರೆ, ಆ ಪಡೆ ಮಾಲಿಮಾಳ ಮನೆಗೆ ನುಗ್ಗಿ, ಜ್ವರದಲ್ಲಿ ಮಲಗಿದವಳನ್ನು ಕಂಡು, ಹೋದವಳು ಯಾರೆಂದು ಹುಡುಕಿ ಇವಳನ್ನು ಎಳೆದೊಯ್ಯುತ್ತಿತ್ತು. ಅಲ್ಲಾಹನೇ ಬಾಯಿ ಆಡಿಸಿದ್ದು ಎಂದು ಅವನ ಎದೆ ತುಂಬಿಬಂತು. ತನಗೇ ಗೊತ್ತಿಲ್ಲದೆ ಮಗಳನ್ನು ಉಳಿಸಿದೆನಲ್ಲ ಎಂದು ಅಳು, ನಗು ಎರಡೂ ಒಟ್ಟಿಗೆ ಬಂದವು.

"ನಿನ್ನ ಉಳಿಸ್ದೆ ನೋಡು ಮಗಳೇ. ಹೆಂಗೋ ಉಳಿಸ್ದೆ."

ಬೆನ್ನ ಮೇಲಿನ ಬೆರಳು ಮತ್ತೆ ಚಲಿಸಿತು, ನಿಧಾನವಾಗಿ.

"ಮೆಟ್ಟಿಲಿಳಿದು ಓಡ್ದಾಗ ಎಲ್ಲಿಗೆ ಹೋಗೋದೂಂತ ಗೊತ್ತಾಗ್ಲಿಲ್ಲ. ಬಜಾರಿನೋರೆಲ್ಲ ಬೆನ್ನು ಹಾಕಿ ನಿಂತಿದ್ರು. ಅಷ್ಟರಲ್ಲಿ ನಿನ್ ಅಂಗಡಿ ಕಾಣ್ತು, ನೀನು ಹೊರಗೇ ಇದ್ದೆ. ಬಾಬಾ ಇದಾನೆ, ಇನ್ನು ಹೆದರಿಕೆ ಇಲ್ಲ ಅನ್ಕೊಂಡೆ. ನಿನ್ ಹಿಂದೇನೇ ಬಂದು ನಿಂತೆ. ಕರೆಯೋಕೆ ಉಸಿರು ಬರ್ಲಿಲ್ಲ. ನೀನು ತಿರುಗ್ಲಿಲ್ಲ."

"ನೀನೂಂತ ನನಗೇನ್ ಗೊತ್ತು? ಪರಹೆಂಗಸು ಅಂತ..."

"ಬಣ್ಣಗಾರರ ಮುದುಕಿ ಯಾರೋ ಒಬ್ಳು ಹಸಿ ಬಟ್ಟೆ ಎತ್ತಿ ತಲೆ ಮೇಲೆ ಹಾಕಿದ್ಲು. ಯಾರು, ಎತ್ತ ಅಂತ ಕೇಳ್ಲೂ ಇಲ್ಲ. ಅವಳೇ ಮನೆ ಮುಟ್ಟಿಸಿದ್ಲು."

ಲವಂಗ್ ಏನೇನೋ ಹೇಳಬೇಕೆಂದಿದ್ದ. ಅದು ಮರ್ಯಾದೆ, ಗಂಡಸಾದವನು ಹಾಗೇ ಮಾಡಬೇಕು, ಅವನಪ್ಪನೂ ಹಾಗೇ ಮಾಡುತ್ತಿದ್ದ, ಬರ್ಯಾಲೈ ಕೂಡ ಅದನ್ನು ತಪ್ಪೆನ್ನಲಿಲ್ಲ. ಹೇಳಹೊರಟ ಪ್ರತಿಯೊಂದು ಮಾತೂ ಬಾಯಿಗೆ ಬರುವಷ್ಟರಲ್ಲಿ ಅರ್ಥ ಕಳೆದುಕೊಳ್ಳುತ್ತಿತ್ತು. ತಾನು ಎಲ್ಲಿ ತಪ್ಪಿದೆನೆಂದು ಹುಡುಕಿದ. ಮರ್ಯಾದೆಯ ಒಂದು ಕಟ್ಟಳೆಯನ್ನೂ ತಪ್ಪಿರಲಿಲ್ಲ. ಮಲಗಿದಲ್ಲಿಂದ ಅವನಿಗೆ ಮಗಳು ಕಾಣುತ್ತಿರಲಿಲ್ಲ.

"ಮುಂದೆ ಬಾ ಮಗಳೇ," ಎಂದ. "ಮುಖ ತೋರ್ಸು, ನೋಡ್ತೀನಿ."

ಅವಳು ಎಣ್ಣೆ ಹಚ್ಚುತ್ತಲೇ ಇದ್ದಳು, ಮುಂದೆ ಬರಲಿಲ್ಲ.